ದುಡ್ಡು ಕೊಡಬೇಕಾದವರೇ ದುಡ್ಡು ಕೇಳಿದಾಗ

ಪ್ರಶ್ನೆ: ನಾನು ಡಿಜಿಟಲ್ ಚಿತ್ರ ಬಿಡಿಸುತ್ತೇನೆ. ಒಂದು ವರ್ಷದಿಂದ ಇನ್‌ಸ್ಟಾಗ್ರಾಮ್‌ನಲ್ಲಿ ಕಮಿಷನ್ ಆರ್ಡರ್, ಅಂದರೆ ಕೇಳಿದವರಿಗೆ ಬೇಕಾದ ಚಿತ್ರ ಬಿಡಿಸಿಕೊಡುವ ಕೆಲಸ, ತೆಗೆದುಕೊಳ್ಳುತ್ತಿದ್ದೇನೆ. ಮೊನ್ನೆ ಒಬ್ಬರು ಮೆಸೇಜ್ ಮಾಡಿ, ಮಗಳ ಹುಟ್ಟುಹಬ್ಬಕ್ಕೆ ಅವಳೂ ಅವಳ ನಾಯಿಯೂ ಇರುವ ಚಿತ್ರ ಬೇಕು ಅಂದರು. ನಾನು ಹೇಳಿದ ದರದ ಎರಡರಷ್ಟು ಕೊಡುತ್ತೇನೆ ಅಂದರು. ಈಗ ಆನ್‌ಲೈನ್‌ನಲ್ಲಿ ಹಣ ಕಳಿಸುವ ಸೇವೆಯಾದ ಪೇಪಾಲ್ ಹೆಸರಿನಲ್ಲಿ ಒಂದು ಇಮೇಲ್ ಬಂದಿದೆ. ಹಣ ಬಂದಿದೆಯಂತೆ, ಆದರೆ ನನ್ನದು ಬಿಸಿನೆಸ್ ಖಾತೆ ಅಲ್ಲ ಅಂತ ತಡೆಹಿಡಿದಿದ್ದಾರಂತೆ. ಖಾತೆಯ ಮಿತಿ ಹೆಚ್ಚಿಸಲು ಗ್ರಾಹಕರು ಇನ್ನಷ್ಟು ಹಣ ಹಾಕಿದ್ದಾರೆ, ಆ ಹೆಚ್ಚಿನ ಹಣವನ್ನು ನಾನು ಅವರಿಗೆ ವಾಪಸ್ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಬರೆದಿದೆ. ಸ್ಕೆಚ್ ಆಗಲೇ ಮುಗಿಸಿದ್ದೇನೆ. ಇದು ನಿಜವಾ? ಇಂಥದ್ದನ್ನು ಮೊದಲೇ ಗುರುತಿಸುವುದು ಹೇಗೆ? ನನ್ನ ಗೆಳತಿಗೆ ಆದದ್ದು ಇದಕ್ಕೆ ಉಲ್ಟಾ. ಚಿತ್ರ ಬಿಡಿಸಿಕೊಡ್ತೀನಿ ಅಂದವನಿಗೆ ಪೂರ್ತಿ ಹಣ ಕೊಟ್ಟಳು, ಅವನು ನಾಪತ್ತೆ. ಅದರ ಬಗ್ಗೆಯೂ ಹೇಳಿ. ಸ್ಕ್ರೀನ್‌ಶಾಟ್‌ಗಳನ್ನು ಕಳಿಸಿದ್ದೇನೆ.

ಉತ್ತರ: ಹಣ ಕಳಿಸಬೇಡಿ. ಆ ಇಮೇಲ್‌ನಲ್ಲಿರುವ ಯಾವ ಲಿಂಕನ್ನೂ ಒತ್ತಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿದರೂ ಪರವಾಗಿಲ್ಲ.

ನಿಮಗೆ ಬಂದಿರುವುದು ಮೋಸದ ಆರ್ಡರ್. ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ಎರಡೆರಡು ಸಲ ನೋಡಿದೆ, ನನಗೆ ಅನುಮಾನ ಉಳಿದಿಲ್ಲ. ಇಮೇಲ್‌ನಿಂದಲೇ ಶುರು ಮಾಡೋಣ. ಕಳಿಸಿದವರ ಹೆಸರು ಇರುವ ಜಾಗದಲ್ಲಿ ಪೇಪಾಲ್ ಅಂತಿದೆ, ಸರಿ. ಆದರೆ ಆ ಜಾಗದಲ್ಲಿ ಯಾರು ಯಾವ ಹೆಸರನ್ನು ಬೇಕಾದರೂ ಹಾಕಿಕೊಳ್ಳಬಹುದು. ಹೆಸರನ್ನು ಒತ್ತಿದರೆ ಅದರ ಹಿಂದಿನ ವಿಳಾಸ ಕಾಣುತ್ತದೆ. ನಿಮ್ಮ ಎರಡನೇ ಸ್ಕ್ರೀನ್‌ಶಾಟ್‌ನಲ್ಲಿ ಅದು ಕಾಣುತ್ತಿದೆ, ಅದೊಂದು ಜಿಮೇಲ್ ವಿಳಾಸ. ಪೇಪಾಲ್ ತನ್ನ ಗ್ರಾಹಕರಿಗೆ ಜಿಮೇಲ್‌ನಿಂದ ಬರೆಯುವುದಿಲ್ಲ. ಕೆಳಗೆ ಬನ್ನಿ. 'ಪ್ರಿಯ ಗ್ರಾಹಕರೇ' ಅಂತಿದೆ. ನಿಮ್ಮ ಖಾತೆ ಅವರ ಬಳಿ ಇದ್ದಿದ್ದರೆ ನಿಮ್ಮ ಹೆಸರು ಅವರಿಗೆ ಗೊತ್ತಿರುತ್ತಿತ್ತು, ಅಲ್ವಾ? ಇನ್ನೂ ಕೆಳಗೆ ಕೆಂಪು ಅಕ್ಷರದಲ್ಲಿ, 24 ಗಂಟೆಯೊಳಗೆ ಹಣ ವಾಪಸ್ ಮಾಡದಿದ್ದರೆ ಕಾನೂನು ಕ್ರಮ ಅಂತಿದೆ. ನಿಮ್ಮ ಕೈಗೆ ಇನ್ನೂ ಬಾರದ ಹಣವನ್ನು ವಾಪಸ್ ಮಾಡದ್ದಕ್ಕೆ ನಿಮ್ಮ ಮೇಲೆ ಕ್ರಮ! ಇಷ್ಟು ವಿಚಿತ್ರವಾದ ಮಾತು ಆ ಗಳಿಗೆಯಲ್ಲಿ ವಿಚಿತ್ರ ಅನ್ನಿಸುವುದೇ ಇಲ್ಲ. ಗಡುವು ಇಡುವುದೇ ಅದಕ್ಕೆ, ಯೋಚನೆ ಮಾಡಲು ಪುರುಸೊತ್ತು ಸಿಗಬಾರದು.

ಕಳಿಸಿದವರು ಹೆಚ್ಚಿನ ಹಣ ಹಾಕಿ ನಿಮ್ಮ ಖಾತೆಯ ಮಿತಿ ಏರಿಸುವ ವ್ಯವಸ್ಥೆ ಪೇಪಾಲ್‌ನಲ್ಲಿ ಇಲ್ಲ. ಬಿಸಿನೆಸ್ ಖಾತೆಗೆ ಬದಲಾಗುವುದಕ್ಕೆ ದುಡ್ಡೂ ಬೇಡ. ಆದರೆ ಇಂಥ ನಿಯಮಗಳನ್ನೆಲ್ಲ ನೆನಪಿಟ್ಟುಕೊಂಡು ಓಡಾಡಲು ಆಗುವುದಿಲ್ಲ. ಅದಕ್ಕಿಂತ ಸುಲಭದ ದಾರಿ ಒಂದಿದೆ. ಇಮೇಲ್ ಮುಚ್ಚಿ. ಆ್ಯಪ್ ತೆರೆಯಿರಿ, ಇಲ್ಲವೇ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ಖಾತೆಯಲ್ಲಿ ಆ ಹಣದ ಸುಳಿವಿಲ್ಲ ಅಂದರೆ ಹಣ ಬಂದಿಲ್ಲ. ಇಮೇಲ್ ಎಷ್ಟೇ ಅಚ್ಚುಕಟ್ಟಾಗಿರಲಿ, ಗ್ರಾಹಕ ಎಷ್ಟೇ ಸ್ಕ್ರೀನ್‌ಶಾಟ್ ಕಳಿಸಲಿ, ಅವು ಲೆಕ್ಕಕ್ಕಿಲ್ಲ. ಇನ್ನೊಂದು ವಿಷಯ. ಕೆಲವು ಮೋಸಗಾರರು ಪೇಪಾಲ್‌ನ ಅಸಲಿ ಇನ್ವಾಯ್ಸ್ (ಬಿಲ್) ಸೌಲಭ್ಯವನ್ನೇ ಬಳಸಿ, ಅದರ ಟಿಪ್ಪಣಿ ಬರೆಯುವ ಜಾಗದಲ್ಲಿ ಹೆದರಿಸುವ ಮಾತು ಬರೆದು ಕಳಿಸುತ್ತಾರೆ. ಆಗ ಕಳಿಸಿದ ವಿಳಾಸ ಅಸಲಿಯೇ ಇರುತ್ತದೆ. ಅದಕ್ಕೇ ವಿಳಾಸ ಸರಿ ಇದ್ದರೂ ಖಾತೆಯನ್ನು ನೋಡಿ ಅನ್ನುತ್ತಿದ್ದೇನೆ.

ಈಗ ನಿಮ್ಮ ಇಬ್ಬರ ಚಾಟ್‌ಗೆ ಬರೋಣ. ನಿಜ ಹೇಳಬೇಕೆಂದರೆ, ಇಮೇಲ್ ಬರುವ ಎರಡು ದಿನ ಮೊದಲೇ ಮೋಸ ಇಲ್ಲಿ ಕಾಣುತ್ತಿತ್ತು.

ನೀವು ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ್ದೀರಿ. 'ಮುಖ ಮಾತ್ರ ಸಾಕಾ, ಪೂರ್ತಿ ಬೇಕಾ?' ಅಂದಿರಿ. 'ನಿಮಗೆ ಹೇಗೆ ಚೆನ್ನಾಗಿ ಕಾಣುತ್ತೋ ಹಾಗೆ' ಅಂದರು. 'ಹಿಂದೆ ಏನಿರಲಿ, ಬಣ್ಣ ಯಾವುದು?' ಅಂದಿರಿ. 'ನಿಮ್ಮ ಪ್ರತಿಭೆ ಮೇಲೆ ನನಗೆ ನಂಬಿಕೆ ಇದೆ' ಅಂದರು. ಪ್ರಿಂಟ್ ಹಾಕಿಸುತ್ತೀರಾ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ನಾಯಿಯ ಹೆಸರು ಕೇಳಿದ್ದಕ್ಕೂ ಇಲ್ಲ. ಅದೇ ನೀವು ದರ ಹೇಳಿದ ಒಂದೇ ನಿಮಿಷಕ್ಕೆ, ಪೇಪಾಲ್ ಇದೆಯಾ, ಯಾವ ಬಗೆಯ ಖಾತೆ, ಇಮೇಲ್ ಯಾವುದು ಅಂತ ಒಂದರ ಹಿಂದೆ ಒಂದು ನಾಲ್ಕು ಮೆಸೇಜ್.

ಮಗಳ ಚಿತ್ರ ಬರೆಸುವ ಅಪ್ಪ ಹೀಗೆ ಇರುತ್ತಾನಾ? ನಾನು ಇಷ್ಟು ವರ್ಷದಲ್ಲಿ ನೋಡಿದ ಅಪ್ಪ ಅಮ್ಮಂದಿರು ತಲೆ ತಿನ್ನುತ್ತಾರೆ. 'ಮೂಗು ಸ್ವಲ್ಪ ಅವಳ ಅಜ್ಜಿಯ ಹಾಗಿದೆ, ಅದು ಬರಲಿ.' 'ಮುಂದಿನ ಹಲ್ಲು ಬಿದ್ದಿದೆ, ಅದನ್ನು ಹಾಗೇ ಬಿಡಿ.' 'ನಾಯಿಯ ಎಡಗಿವಿ ಮಡಚಿಕೊಂಡಿರುತ್ತೆ, ಬಲಗಿವಿ ಅಲ್ಲ.' ಹುಟ್ಟುಹಬ್ಬದೊಳಗೆ ಸಿಗುತ್ತಾ ಅಂತ ದಿನಕ್ಕೊಂದು ಸಲ ಕೇಳುತ್ತಾರೆ. ಚೌಕಾಸಿ ಮಾಡುತ್ತಾರೆ. ಚೌಕಾಸಿ ಮಾಡುವ ಗ್ರಾಹಕರ ಮೇಲೆ ನನಗೆ ಗೌರವ ಜಾಸ್ತಿ, ಯಾಕಂದರೆ ಅವರು ನಿಜವಾಗಿ ಕೊಡುವ ಯೋಚನೆಯಲ್ಲಿರುತ್ತಾರೆ. ಕೇಳದೇ ಎರಡು ಪಟ್ಟು ಕೊಡುತ್ತೇನೆ ಅನ್ನುವವನಿಗೆ ಕೊಡುವ ಯೋಚನೆಯೇ ಇಲ್ಲ, ಹಾಗಾಗಿ ಎಷ್ಟು ಬೇಕಾದರೂ ಹೇಳಬಹುದು.

ಗುರುತಿಸುವುದು ಹೇಗೆ ಅಂದಿರಲ್ಲ, ನಾನು ನೋಡುವುದು ಇವೆರಡನ್ನೇ. ಒಂದು, ಗ್ರಾಹಕ ಚಿತ್ರದ ಬಗ್ಗೆ ಮಾತಾಡುತ್ತಾನಾ, ದುಡ್ಡು ಕಳಿಸುವ ದಾರಿಯ ಬಗ್ಗೆ ಮಾತಾಡುತ್ತಾನಾ? ಎರಡು, ನಮಗೆ ಕೊಡಬೇಕಾದವನು ಯಾವುದೋ ಹಂತದಲ್ಲಿ ನಮ್ಮ ಕೈಯಿಂದಲೇ ದುಡ್ಡು ಹೊರಡಿಸುತ್ತಿದ್ದಾನಾ? ಎರಡನೆಯದು ಹೌದು ಅಂತಾದರೆ ಮಾತು ಅಲ್ಲಿಗೆ ಮುಗಿಯಿತು. ಶುಲ್ಕ, ಠೇವಣಿ, ತೆರಿಗೆ, ಸಾಗಣೆ ವೆಚ್ಚ, ಹೆಚ್ಚಾಗಿ ಬಂದದ್ದರ ವಾಪಸಾತಿ, ಹೆಸರು ಯಾವುದೇ ಇರಲಿ.

ಹೆಸರು ಬದಲಾಗುತ್ತಲೇ ಇರುತ್ತದೆ. ನಾನು ಹೊಸದಾಗಿ ಕೆಲಸ ಶುರು ಮಾಡಿದಾಗ ಬಂದ ಇಮೇಲ್ ಇನ್ನೂ ನೆನಪಿದೆ. ಬರೆದವನ ಹೆಂಡತಿ ನನ್ನ ವೆಬ್‌ಸೈಟನ್ನು ತುಂಬಾ ಹೊತ್ತು ನೋಡುತ್ತಿದ್ದಳಂತೆ. ಮದುವೆಯ ವಾರ್ಷಿಕೋತ್ಸವಕ್ಕೆ ಅವಳಿಗೆ ಗೊತ್ತಾಗದ ಹಾಗೆ ಒಂದು ಚಿತ್ರ ಕೊಡಬೇಕಂತೆ. ತಾನು ಹಡಗಿನಲ್ಲಿ ಕೆಲಸದಲ್ಲಿದ್ದೇನೆ, ಫೋನ್ ಸಿಗುವುದಿಲ್ಲ, ಚೆಕ್ ಕಳಿಸುತ್ತೇನೆ. ಬೇರೆ ದೇಶಕ್ಕೆ ಮನೆ ಬದಲಾಯಿಸುತ್ತಿದ್ದೇವೆ, ಸಾಮಾನು ಸಾಗಿಸುವ ಏಜೆಂಟ್ ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾನೆ. ಚೆಕ್‌ನಲ್ಲಿ ಏಜೆಂಟಿನ ದುಡ್ಡೂ ಸೇರಿದೆ, ದಯವಿಟ್ಟು ಅವನಿಗೆ ಕೊಟ್ಟುಬಿಡಿ. ಅಷ್ಟು ದಿನ ಒಂದೂ ಚಿತ್ರ ಮಾರಿರಲಿಲ್ಲ ನಾನು. ಆ ಹೆಂಡತಿ ನನ್ನ ಚಿತ್ರದ ಮುಂದೆ ಕೂತಿರುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಚಿತ್ರವನ್ನು ಬಟ್ಟೆ ಸುತ್ತಿ ಕಟ್ಟಿಯೂ ಇಟ್ಟೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಅಕ್ಕ ಚೆಕ್ ನೋಡಿ ತಡೆಯದಿದ್ದರೆ ಕೊಟ್ಟೇಬಿಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಅದೇ ಕಾಗದ, ಅದೇ ಹೆಂಡತಿ, ಅದೇ ಹಡಗು ಲೆಕ್ಕವಿಲ್ಲದಷ್ಟು ಕಲಾವಿದರಿಗೆ ಹೋಗಿದೆ ಅಂತ. ಈಗಲೂ ಹೋಗುತ್ತಿದೆ.

ಚೆಕ್ ಇನ್ನೂ ಚಾಲ್ತಿಯಲ್ಲಿರುವ ದೇಶಗಳಲ್ಲಿ ಈ ಮೋಸ ನಡೆಯುವುದಕ್ಕೆ ಕಾರಣ ಇದು. ಚೆಕ್ ಹಾಕಿದ ಒಂದೆರಡು ದಿನಕ್ಕೆ ಬ್ಯಾಂಕ್ ಆ ಮೊತ್ತವನ್ನು ಖಾತೆಯಲ್ಲಿ ತೋರಿಸಬಹುದು, ಬಳಸಲೂ ಬಿಡಬಹುದು. ಚೆಕ್ ನಕಲಿ ಅಂತ ಗೊತ್ತಾಗಲು ವಾರಗಳೇ ಹಿಡಿಯಬಹುದು. ಆ ನಡುವೆ ನೀವು 'ಏಜೆಂಟ'ನಿಗೆ ಕಳಿಸಿದ್ದು ಮಾತ್ರ ನಿಮ್ಮ ಸ್ವಂತ ದುಡ್ಡು. ಬ್ಯಾಂಕ್ ತಾನು ತೋರಿಸಿದ್ದನ್ನು ವಾಪಸ್ ತೆಗೆದುಕೊಳ್ಳುತ್ತದೆ, ಏಜೆಂಟ್ ಕೈಗೆ ಸಿಗುವುದಿಲ್ಲ. ಚಿತ್ರವೇ ಬಿಡಿಸದವರಿಗೂ ಇದೇ ಬಲೆ ಬೀಳುತ್ತದೆ. 'ನಿಮ್ಮ ಫೋಟೊ ತುಂಬಾ ಚೆನ್ನಾಗಿದೆ, ನನ್ನ ಗೋಡೆ ಚಿತ್ರಕ್ಕೆ ಸ್ಫೂರ್ತಿಯಾಗಿ ಬಳಸಿಕೊಳ್ಳಲಾ, 500 ಡಾಲರ್ ಕೊಡುತ್ತೇನೆ' ಅಂತ ಮೆಸೇಜ್ ಬರುತ್ತದೆ. ಆಮೇಲೆ ಚೆಕ್, ಆಮೇಲೆ ಬಣ್ಣ ಕುಂಚದ ಅಂಗಡಿಯವನಿಗೆ ಇಷ್ಟು ಕಳಿಸಿ ಅನ್ನುವುದು. ಎನ್‌ಎಫ್‌ಟಿ (ಡಿಜಿಟಲ್ ಚಿತ್ರದ ಒಡೆತನವನ್ನು ಕ್ರಿಪ್ಟೊ ದಾಖಲೆಯಾಗಿ ಮಾರುವುದು) ಭರಾಟೆಯ ಕಾಲದಲ್ಲಿ ಶುರುವಾದ ಇನ್ನೊಂದು ವೇಷ: ನಿಮ್ಮ ಹತ್ತು ಚಿತ್ರ ಕೊಳ್ಳುತ್ತೇನೆ, ಒಂದಕ್ಕೆ ಇಷ್ಟು ಈಥರ್ (ಒಂದು ಬಗೆಯ ಕ್ರಿಪ್ಟೊ ಹಣ), ಈ ಸೈಟಿನಲ್ಲೇ ಹಾಕಿ. ಸೈಟ್ ಅವರದ್ದೇ. ಹಾಕಲು ಗ್ಯಾಸ್ ಶುಲ್ಕ, ಅಂದರೆ ಕ್ರಿಪ್ಟೊ ವಹಿವಾಟು ದಾಖಲಿಸುವ ಖರ್ಚು. ಖಾತೆಯಲ್ಲಿ ದೊಡ್ಡ ಮೊತ್ತ ಕಾಣಿಸುತ್ತದೆ, ಅದನ್ನು ತೆಗೆಯಲು ಮತ್ತೊಂದು ಶುಲ್ಕ, ಅದಾದ ಮೇಲೆ ಇನ್ನೊಂದು. ನೀವು ಕೊಡುತ್ತಾ ಹೋದಷ್ಟೂ ಕೇಳುತ್ತಾ ಹೋಗುತ್ತಾರೆ.

ಇನ್ನು ದುಡ್ಡಿನ ಮಾತೇ ಎತ್ತದ ಮೋಸ ಒಂದಿದೆ, ಅದರ ಬಗ್ಗೆ ನನಗೆ ಭಯ ಜಾಸ್ತಿ. ಕೆಲಸದ ವಿವರ, ರೆಫರೆನ್ಸ್ ಚಿತ್ರಗಳು ಅಂತ ಹಲವು ಫೈಲ್‌ಗಳನ್ನು ಒಂದಾಗಿ ಕಟ್ಟಿದ ಒಂದು ಜಿಪ್ ಅಥವಾ ಆರ್‌ಎಆರ್ ಫೈಲ್ ಕಳಿಸುತ್ತಾರೆ. ಒಳಗೆ ಹತ್ತು ಚಿತ್ರ ಇದ್ದರೆ ಒಂಬತ್ತು ನಿಜವಾದ ಚಿತ್ರಗಳೇ. ಹತ್ತನೆಯದು ಚಿತ್ರದ ಐಕಾನ್ ಹೊತ್ತ ಪ್ರೋಗ್ರಾಂ. 2022ರಲ್ಲಿ ಒಂದು ಎನ್‌ಎಫ್‌ಟಿ ತಂಡದ ಹೆಸರು ಹೇಳಿಕೊಂಡು ಚಿತ್ರ ಹಂಚಿಕೊಳ್ಳುವ ಸೈಟುಗಳಾದ ಪಿಕ್ಸಿವ್, ಡೀವಿಯಂಟ್‌ಆರ್ಟ್‌ನ ಕಲಾವಿದರಿಗೆ ಹೀಗೇ ಕೆಲಸದ ಆಸೆ ತೋರಿಸಿದ್ದರು. ಆ ಪ್ರೋಗ್ರಾಂ ಒತ್ತಿದರೆ ಕಂಪ್ಯೂಟರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಕಳುವಾಗುತ್ತವೆ. ನೀವು ಲಾಗಿನ್ ಆಗಿಯೇ ಇರುವ ಖಾತೆಗಳಿಗೆ ಅವರೂ ನುಗ್ಗುತ್ತಾರೆ. ಆಮೇಲೆ ನಿಮ್ಮ ಖಾತೆಯಿಂದಲೇ ನಿಮ್ಮ ಗೆಳೆಯರಿಗೆ ಇದೇ ಮೆಸೇಜ್ ಹೋಗುತ್ತದೆ, ಅವರು ನಿಮ್ಮ ಮುಖ ನೋಡಿ ನಂಬುತ್ತಾರೆ.

ವಿಂಡೋಸ್ ಕಂಪ್ಯೂಟರ್‌ನಲ್ಲಿ ಫೈಲ್ ಹೆಸರಿನ ಕೊನೆಯ ಅಕ್ಷರಗಳು ಸಾಮಾನ್ಯವಾಗಿ ಕಾಣುವುದಿಲ್ಲ, ಮುಚ್ಚಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಇವತ್ತೇ ಕಾಣುವಂತೆ ಮಾಡಿಕೊಳ್ಳಿ. ಕೊನೆಯಲ್ಲಿ ಜೆಪಿಜಿ, ಪಿಎನ್‌ಜಿ ಇದ್ದರೆ ಸಾಮಾನ್ಯವಾಗಿ ಚಿತ್ರ. ಇಎಕ್ಸ್‌ಇ ಅಥವಾ ಎಸ್‌ಸಿಆರ್ ಇದ್ದರೆ ಪ್ರೋಗ್ರಾಂ. ಎಸ್‌ಸಿಆರ್ ಅನ್ನುವುದು ಸ್ಕ್ರೀನ್‌ಸೇವರ್ ಫೈಲ್, ಹೆಸರು ಪಾಪದ್ದಾದರೂ ಕೆಲಸ ಪ್ರೋಗ್ರಾಂನದ್ದೇ. ನಾನು ಗ್ರಾಹಕರಿಗೆ ನೇರವಾಗಿ ಹೇಳುತ್ತೇನೆ: ಫೋಟೊಗಳನ್ನು ಚಾಟ್‌ನಲ್ಲೇ ಕಳಿಸಿ, ಫೈಲ್ ಕಟ್ಟಿ ಕಳಿಸಬೇಡಿ. ನಿಜವಾದ ಗ್ರಾಹಕರು ಯಾರೂ ಇದಕ್ಕೆ ಬೇಸರ ಮಾಡಿಕೊಂಡಿಲ್ಲ.

ಹಣ ನಿಜವಾಗಿಯೂ ಖಾತೆಗೆ ಬಂದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಚಿತ್ರ ಪೂರ್ತಿ ತೆಗೆದುಕೊಂಡು, ಆಮೇಲೆ ಪೇಪಾಲ್‌ಗೋ ಕಾರ್ಡ್ ಕಂಪನಿಗೋ ದೂರು ಕೊಟ್ಟು ಹಣ ವಾಪಸ್ ಎಳೆದುಕೊಳ್ಳುವವರಿದ್ದಾರೆ. ಪೇಪಾಲ್‌ನಲ್ಲಿ ಹಣ ಕೊಟ್ಟ ದಿನದಿಂದ 180 ದಿನದವರೆಗೆ ಹೀಗೆ ತಕರಾರು ಎತ್ತಬಹುದು. ಅದಕ್ಕೇ ಮಾತುಕತೆಯನ್ನೆಲ್ಲ ಒಂದೇ ಕಡೆ, ಬರವಣಿಗೆಯಲ್ಲೇ ಇಟ್ಟುಕೊಳ್ಳಿ. ಏನು ಬಿಡಿಸುತ್ತೀರಿ, ಎಷ್ಟು ಸಲ ತಿದ್ದುತ್ತೀರಿ, ಯಾವಾಗ ಕೊಡುತ್ತೀರಿ, ಹಣ ಯಾವಾಗ ವಾಪಸ್ ಆಗುವುದಿಲ್ಲ ಅಂತ ಮೊದಲೇ ಬರೆದು, 'ಒಪ್ಪಿದ್ದೇನೆ' ಅಂತ ಅವರಿಂದ ಒಂದು ಸಾಲು ಬರೆಸಿಕೊಳ್ಳಿ. ಚಿತ್ರ ಕಳಿಸಿದ ದಿನಾಂಕದ ದಾಖಲೆ ಇರಲಿ. ಆರು ತಿಂಗಳವರೆಗೆ ಚಾಟ್ ಅಳಿಸಬೇಡಿ.

ನಾನು ಕೆಲಸ ಮಾಡುವ ಕ್ರಮ ಹೀಗಿದೆ, ನಿಮಗೆ ಹೊಂದುವಷ್ಟು ತೆಗೆದುಕೊಳ್ಳಿ. ಇನ್ವಾಯ್ಸ್ ಯಾವಾಗಲೂ ನನ್ನಿಂದಲೇ ಹೋಗುತ್ತದೆ. 'ನಾನೇ ಕಳಿಸ್ತೀನಿ, ಇಮೇಲ್ ಕೊಡಿ' ಅಂದರೂ ಒಪ್ಪುವುದಿಲ್ಲ. ನಾನು ಕಳಿಸಿದ ಇನ್ವಾಯ್ಸ್ ಆದರೆ, ಹಣ ಬಂದಿದೆಯೋ ಇಲ್ಲವೋ ಅಂತ ನನ್ನ ಖಾತೆಯೇ ಹೇಳುತ್ತದೆ. ಅರ್ಧ ಹಣ ಅಡ್ವಾನ್ಸ್, ಅದು ಬಂದ ಮೇಲೇ ಪೆನ್ಸಿಲ್ ಹಿಡಿಯುವುದು. ಸ್ಕೆಚ್ ಚಿಕ್ಕ ಸೈಜಿನಲ್ಲಿ, ಮಧ್ಯದಲ್ಲಿ ವಾಟರ್‌ಮಾರ್ಕ್ ಹಾಕಿ ತೋರಿಸುತ್ತೇನೆ. ಉಳಿದರ್ಧ ಬಂದ ಮೇಲೆ ಪೂರ್ತಿ ಸೈಜಿನ ಚಿತ್ರ. ಮೋಸದ ಗ್ರಾಹಕರಿಗೆ ಇದು ಒಗ್ಗುವುದಿಲ್ಲ. ಇನ್ವಾಯ್ಸ್ ಅಂದ ಕೂಡಲೇ ಅರ್ಧದಷ್ಟು ಜನ ತಾವಾಗಿಯೇ ಕಾಣೆಯಾಗುತ್ತಾರೆ. ಉಳಿದವರು 'ನಮ್ಮ ಕಡೆ ಇನ್ವಾಯ್ಸ್ ಕೆಲಸ ಮಾಡಲ್ಲ' ಅಂತ ಏನೋ ಕಥೆ ಕಟ್ಟುತ್ತಾರೆ.

ಈಗ ನಿಮ್ಮ ಗೆಳತಿಯ ವಿಷಯ. ಅವರಿಗೆ ಆದದ್ದು ಓದಿ ತುಂಬಾ ಬೇಸರವಾಯಿತು. ಚಿತ್ರ ಬರೆಸಿಕೊಳ್ಳುವ ಆಸೆಯಿಂದ ಬಂದವರು ಹೀಗೆ ಸುಟ್ಟುಕೊಂಡರೆ ಮುಂದೆ ಯಾವ ಕಲಾವಿದರನ್ನೂ ನಂಬುವುದಿಲ್ಲ. ನಷ್ಟ ನಮ್ಮೆಲ್ಲರದ್ದು.

ನಕಲಿ ಕಲಾವಿದರು ಮಾಡುವುದು ಸರಳ. ಬೇರೆಯವರ ಚಿತ್ರ ಕದ್ದು ತಮ್ಮದು ಅಂತ ಜೋಡಿಸಿ ಇಟ್ಟುಕೊಳ್ಳುತ್ತಾರೆ. ಈಗೀಗ ಕೃತಕ ಬುದ್ಧಿಮತ್ತೆಯಿಂದ ತೆಗೆದ ಚಿತ್ರಗಳನ್ನು ಕೈಯಲ್ಲಿ ಬಿಡಿಸಿದ್ದು ಅಂತಲೂ ಮಾರುತ್ತಾರೆ. ಕೇಳದೇ ಬಂದು 'ನಿಮ್ಮ ಪಾತ್ರವನ್ನು ಬಿಡಿಸಿಕೊಡಲಾ' ಅನ್ನುವವರು, ವಿಡಿಯೊ ಮಾಡುವವರಿಗೆ ಲೋಗೊ, ಇಮೋಟ್ (ಚಾಟ್‌ನಲ್ಲಿ ಹಾಕುವ ಪುಟ್ಟ ಚಿತ್ರ) ಮಾಡಿಕೊಡ್ತೀನಿ ಅಂತ ಗಂಟುಬೀಳುವವರು, ಇವರಲ್ಲಿ ತುಂಬಾ ಜನ ಇದೇ ಪೈಕಿ. ಹೊಸಬರೂ ಪಾಪ ಹೀಗೆ ಕೆಲಸ ಹುಡುಕುತ್ತಾರೆ, ಹಾಗಾಗಿ ಕೇಳಿದವರನ್ನೆಲ್ಲ ಕಳ್ಳರು ಅನ್ನುವಂತಿಲ್ಲ. ನೋಡಿ ಹೇಳಬೇಕು.

ಅವರ ಎರಡು ಮೂರು ಚಿತ್ರಗಳನ್ನು ಚಿತ್ರ ಕೊಟ್ಟರೆ ಅದು ಬೇರೆಲ್ಲಿದೆ ಅಂತ ಹುಡುಕುವ ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಹಾಕಿ ನೋಡಿ. ಬೇರೆ ಹೆಸರಿನಲ್ಲಿ, ಹಳೆಯ ದಿನಾಂಕದಲ್ಲಿ ಸಿಕ್ಕರೆ ಉತ್ತರ ಸಿಕ್ಕಿತು. ಸಿಗದಿದ್ದರೆ ಅಷ್ಟಕ್ಕೇ ನಂಬಬೇಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕಿರಬಹುದು. ಖಾತೆಯನ್ನು ಹಿಂದಕ್ಕೆ ಸರಿಸುತ್ತಾ ಹೋಗಿ. ನಿಜವಾದ ಕಲಾವಿದರ ಖಾತೆಯಲ್ಲಿ ವರ್ಷಗಳ ಕೆಟ್ಟ ಚಿತ್ರಗಳೂ ಇರುತ್ತವೆ. ಅರ್ಧಕ್ಕೆ ಬಿಟ್ಟದ್ದು, ವಕ್ರವಾದ ಕೈಗಳು, ಮತ್ತೆ ಮತ್ತೆ ಅದೇ ಮುಖ. ಕದ್ದವರ ಖಾತೆಯಲ್ಲಿ ಮೊದಲ ದಿನದಿಂದಲೂ ಎಲ್ಲ ಅದ್ಭುತವೇ, ಒಂದರ ಶೈಲಿ ಇನ್ನೊಂದಕ್ಕೆ ಸೇರುವುದಿಲ್ಲ. ಆಮೇಲೆ ಕೆಲಸದ ಹಂತಗಳನ್ನು ಕೇಳಿ. ಪ್ರೊಕ್ರಿಯೇಟ್ ಆ್ಯಪ್ ಚಿತ್ರ ಬಿಡಿಸುವುದನ್ನು ತಾನಾಗಿಯೇ ವಿಡಿಯೊ ಮಾಡಿಟ್ಟುಕೊಳ್ಳುತ್ತದೆ, ಕ್ಲಿಪ್ ಸ್ಟುಡಿಯೊದಲ್ಲೂ ಆ ಸೌಲಭ್ಯ ಇದೆ. ಲೇಯರ್‌ಗಳ (ಚಿತ್ರವನ್ನು ಕಟ್ಟಿದ ಬೇರೆ ಬೇರೆ ಪದರಗಳ) ಒಂದು ಸ್ಕ್ರೀನ್‌ಶಾಟ್ ಕೇಳಿದರೂ ಆಗುತ್ತದೆ. ಕೊಡುವುದಿಲ್ಲ ಅಂದ ಮಾತ್ರಕ್ಕೆ ಮೋಸ ಅಂತಲ್ಲ, ಆದರೆ ಯಾವ ಹಂತವನ್ನೂ ತೋರಿಸದವರಿಗೆ ಪೂರ್ತಿ ಹಣ ಮೊದಲೇ ಕೊಡಬೇಡಿ.

ಕೊಡುವ ದಾರಿಯೂ ಮುಖ್ಯ. ಪೇಪಾಲ್‌ನಲ್ಲಿ 'ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ' ಅಂತ ಕಳಿಸಿದ ಹಣಕ್ಕೆ ಕೊಳ್ಳುವವರ ರಕ್ಷಣೆ ಇಲ್ಲ. ಗಿಫ್ಟ್ ಕಾರ್ಡ್, ಕ್ರಿಪ್ಟೊ ಆದರೆ ಕೊಟ್ಟ ಮೇಲೆ ವಾಪಸ್ ಪಡೆಯುವುದು ಬಹಳ ಕಷ್ಟ. ಶುಲ್ಕ ಉಳಿಯುತ್ತೆ ಅಂತ ಯಾರಾದರೂ ಆ ಕಡೆಗೇ ಎಳೆದರೆ, ಆ ಚಿಕ್ಕ ಶುಲ್ಕವನ್ನು ನೀವೇ ಕೊಡುತ್ತೇನೆ ಅಂತ ಹೇಳಿ ನೋಡಿ. ಆಗಲೂ ಒಪ್ಪದಿದ್ದರೆ ಬಿಟ್ಟುಬಿಡಿ.

ನಿಮ್ಮ ಗೆಳತಿ ಕಾರ್ಡ್ ಅಥವಾ ಸಾಮಾನ್ಯ ಪೇಪಾಲ್ ಪಾವತಿ ಮಾಡಿದ್ದರೆ ಇವತ್ತೇ ದೂರು ಹಾಕಲಿ. ಬ್ಯಾಂಕಿನಿಂದ ನೇರ ಕಳಿಸಿದ್ದರೆ ಬ್ಯಾಂಕಿಗೆ ಫೋನ್ ಮಾಡಲಿ, ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು. ಚಾಟ್, ಪ್ರೊಫೈಲಿನ ಹೆಸರು, ಹಣ ಹೋದ ಖಾತೆ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ, ಆಮೇಲೆ ಬ್ಲಾಕ್ ಮಾಡಲಿ. ಮೊದಲೇ ಬ್ಲಾಕ್ ಮಾಡಿದರೆ ಸಾಕ್ಷಿಯೂ ಹೋಗಬಹುದು. ಅವರ ದೇಶದ ಸೈಬರ್ ಪೊಲೀಸರಿಗೂ ಬರೆದು ಕೊಡಲಿ. ಮತ್ತೆ ಇದನ್ನು ಖಂಡಿತ ಅವರಿಗೆ ಹೇಳಿ: ಕೆಲವು ದಿನಗಳಲ್ಲಿ ಯಾರೋ ಬಂದು 'ಹೋದ ಹಣ ವಾಪಸ್ ತೆಗೆಸಿಕೊಡ್ತೀನಿ, ಸ್ವಲ್ಪ ಶುಲ್ಕ ಕೊಡಿ' ಅನ್ನಬಹುದು. ಅದೂ ಮೋಸವೇ. ಒಮ್ಮೆ ಕೊಟ್ಟವರು ಇನ್ನೊಮ್ಮೆ ಕೊಡುತ್ತಾರೆ ಅನ್ನುವ ಲೆಕ್ಕ ಅವರದ್ದು.

ಇದರಲ್ಲಿ ನಿಮ್ಮ ಗೆಳತಿಯ ದಡ್ಡತನ ಇಲ್ಲ, ನಿಮ್ಮದೂ ಇಲ್ಲ. ಗುರುತಿಲ್ಲದವರ ಮೆಸೇಜಿಗೆ ಖುಷಿಯಿಂದ ಉತ್ತರ ಕೊಡುವುದೇ ನಮ್ಮ ಕೆಲಸದ ಮೊದಲ ಭಾಗ. ಇಮೇಲ್ ವಿಳಾಸ ಎಲ್ಲರಿಗೂ ಕಾಣುವಂತೆ ಇಡಲೇಬೇಕು. ಆರ್ಡರ್ ಬಾರದ ತಿಂಗಳಲ್ಲಿ ಬಂದ ಒಂದು ಮೆಸೇಜ್ ಎಷ್ಟು ದೊಡ್ಡದು ಅಂತ ಮೋಸಗಾರರಿಗೂ ಗೊತ್ತು.

ಇವತ್ತು ಮಾಡಬೇಕಾದದ್ದು ಇಷ್ಟೇ. ಆ ಗ್ರಾಹಕರಿಗೆ ಏನೂ ವಿವರಿಸಬೇಡಿ. ನಿಮಗೆ ಮೋಸ ಗೊತ್ತಾಯಿತು ಅಂತ ಹೇಳಿದರೆ ಅಳುತ್ತಾರೆ, ಬೈಯುತ್ತಾರೆ, ಪೊಲೀಸ್ ಅನ್ನುತ್ತಾರೆ, ಸುಮ್ನೆ ನಿಮ್ಮ ನಿದ್ದೆ ಹಾಳು. ಸ್ಕ್ರೀನ್‌ಶಾಟ್ ಆಗಲೇ ಇದೆಯಲ್ಲ, ಇನ್‌ಸ್ಟಾಗ್ರಾಮ್‌ಗೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಆ ಇಮೇಲನ್ನು ಪೇಪಾಲ್‌ನ ಅಸಲಿ ಸಹಾಯ ಪುಟದಲ್ಲಿ ಕೊಟ್ಟಿರುವ ವಿಳಾಸಕ್ಕೆ ಕಳಿಸಿ. ಲಿಂಕ್ ಒತ್ತಿ ಪಾಸ್‌ವರ್ಡ್ ಏನಾದರೂ ಹಾಕಿದ್ದರೆ ಈಗಲೇ ಬದಲಾಯಿಸಿ, ಎರಡು ಹಂತದ ಲಾಗಿನ್ ಹಾಕಿಕೊಳ್ಳಿ.

ಆ ಸ್ಕೆಚ್ ನೋಡಿದೆ. ನಾಯಿ ಹುಡುಗಿಯ ಮಡಿಲಿಗೆ ಮೂತಿ ಒತ್ತಿರುವ ರೀತಿ ಬಹಳ ಚೆನ್ನಾಗಿ ಬಂದಿದೆ. ಅದನ್ನು ಹಾಕಿಕೊಳ್ಳಬೇಕು ಅನ್ನಿಸಿದರೆ ನಾಯಿಯನ್ನು ಉಳಿಸಿ, ಹುಡುಗಿಯ ಮುಖ ಪೂರ್ತಿ ಬದಲಾಯಿಸಿ. ಆ ಫೋಟೊ ಅವನದ್ದಾಗಿರಲಿಕ್ಕಿಲ್ಲ. ಯಾರದೋ ಮನೆಯ ಮಗು ಅದು, ಅವರಿಗೆ ಇದ್ಯಾವುದೂ ಗೊತ್ತಿಲ್ಲ.